ಕೇಳಸ್ಲಕತ್ತದೇನ್ರಿ, ಸರ್?

ಕರ್ನಾಟಕದ ಮೊದಲ ಟಿವಿ ಕೇಂದ್ರ ಯಾವ ಊರಿನದು ಅಂತ ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಸಲ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಬೆಂಗಳೂರು ಅಂತಾರೆ. ಇನ್ನೊಬ್ಬರು ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ ಊರು ನೆನಪಾಗಿ ಮೈಸೂರು ಅನ್ನಬಹುದು. ಸರಿಯುತ್ತರ ಗುಲ್ಬರ್ಗಾ. ಅಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1977ರಲ್ಲಿ. ಬೆಂಗಳೂರಿಗೆ ಬಂದದ್ದು 1981ರಲ್ಲಿ.

ಬಿಸಿಲು, ತೊಗರಿ ಮತ್ತು ಸಿಮೆಂಟ್ ಧೂಳಿಗೆ ಹೆಸರಾದ ನಮ್ಮ ಜಿಲ್ಲೆಗೆ ರಾಜಧಾನಿಗಿಂತ ನಾಲ್ಕು ವರ್ಷ ಮೊದಲೇ ಈ ಭಾಗ್ಯ ಹೇಗೆ ಬಂತು ಅನ್ನೋದಕ್ಕೆ ಒಂದು ಕಥೆ ಇದೆ. ವಿಶ್ವವಿದ್ಯಾಲಯವೊಂದು ತನ್ನ ಮೇಷ್ಟ್ರುಗಳಿಗೂ ವಿದ್ಯಾರ್ಥಿಗಳಿಗೂ ವಿಡಿಯೋ ಕಾನ್ಫರೆನ್ಸ್ ವ್ಯವಸ್ಥೆ ಆರಿಸಬೇಕಾದಾಗ ಏನನ್ನು ಅಳೀಬೇಕು, ಎಲ್ಲಿ ನಿಂತು ಅಳೀಬೇಕು ಅನ್ನೋ ಇವತ್ತಿನ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಆ ಕಥೆಯಲ್ಲೇ ಇದೆ ಅಂತ ನನ್ನ ನಂಬಿಕೆ.

ಆ ಕಥೆಯ ಹೆಸರು ಸೈಟ್. ಬೆಂಗಳೂರಿನಲ್ಲಿರೋರಿಗೆ ಸೈಟ್ ಅಂದ ಕೂಡಲೇ ಮೂವತ್ತು-ನಲವತ್ತು, ಕಾರ್ನರ್, ಈಸ್ಟ್ ಫೇಸಿಂಗ್ ಎಲ್ಲ ನೆನಪಾಗುತ್ತೆ. ಇದು ಬೇರೆ ಸೈಟ್. ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್, ಅಂದರೆ ಉಪಗ್ರಹದ ಮೂಲಕ ಪಾಠ ಹೇಳೋ ಟಿವಿ ಪ್ರಯೋಗ. ವಿಕ್ರಮ್ ಸಾರಾಭಾಯಿ ಕಂಡ ಕನಸು. 1969ರಲ್ಲಿ ನಾಸಾ ಜೊತೆ ಒಪ್ಪಂದ ಆಯ್ತು. 1971ರ ಕೊನೆಗೆ ಸಾರಾಭಾಯಿ ತೀರಿಕೊಂಡರು, ಪ್ರಯೋಗ ನೋಡಲಿಕ್ಕೆ ಅವರು ಇರಲಿಲ್ಲ. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೈಗಡ ಕೊಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಹತ್ತಿತು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಮೂರು: ಗುಲ್ಬರ್ಗಾ, ರಾಯಚೂರು, ಬಿಜಾಪುರ. ಹಿಂದುಳಿದ ಜಿಲ್ಲೆಗಳೇ ಬೇಕಿದ್ದವು. ಹಿಂದುಳಿದದ್ದಕ್ಕೆ ನಮಗೆ ಬಹುಮಾನ ಸಿಕ್ಕಿದ್ದು ಬಹುಶಃ ಅದೊಂದೇ ಸಲ!

ಟಿವಿ ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಆಂಟೆನಾ ಅಂದರೆ ಹತ್ತು ಅಡಿ ಅಗಲದ, ಕೋಳಿ ಗೂಡಿಗೆ ಹಾಕುವಂಥ ತಂತಿಬಲೆಯ ಛತ್ರಿ. ಕರೆಂಟ್ ಇಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ. ಕನ್ನಡದ ಕಾರ್ಯಕ್ರಮಗಳೂ ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲೇ. ಒಂದು ಚಿತ್ರದ ಜೊತೆ ಎರಡು ಧ್ವನಿವಾಹಿನಿ ಕಳಿಸುವ ಸೌಕರ್ಯ ಉಪಗ್ರಹದಲ್ಲಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಕೇಳಿ ಬೆಳೆದ ಸೇಡಂ-ಚಿಂಚೋಳಿ ಸೀಮೆಯವರಿಗೆ ಈ ಏರ್ಪಾಡಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಸುದ್ದಿ. ರಜೆಯ ದಿನಗಳಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರುಗಳಿಗೆ ವಿಜ್ಞಾನ ಕಲಿಸುವ ತರಬೇತಿ. ಎರಡು ಸುತ್ತಿನಲ್ಲಿ ಆರೂ ರಾಜ್ಯ ಸೇರಿ 50,000ದ ಹತ್ತಿರ ಮೇಷ್ಟ್ರುಗಳು ಆ ತರಬೇತಿ ಪಡೆದರು.

ಇಷ್ಟು ತಾಂತ್ರಿಕ ಸಾಹಸ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಅದನ್ನು ಅಳೆದ ರೀತಿ. ಇಸ್ರೋದವರು ಇಂಜಿನಿಯರುಗಳ ಜೊತೆಗೆ ಮಾನವಶಾಸ್ತ್ರಜ್ಞರನ್ನೂ ಕೆಲಸಕ್ಕೆ ಹಾಕಿಕೊಂಡಿದ್ದರು. ಬಿನೋದ್ ಅಗ್ರವಾಲ್ ಅವರ ತಂಡದವರು ಆಯ್ದ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡು ಇದ್ದರು. ಟಿವಿ ಇರುವ ಊರು, ಟಿವಿ ಇಲ್ಲದ ಊರು, ಎರಡನ್ನೂ ಹೋಲಿಸಿದರು. ಶುರುವಾಗುವ ಮೊದಲು ಒಮ್ಮೆ, ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸಮೀಕ್ಷೆ ಮಾಡಿದರು. ಬಂದ ಫಲಿತಾಂಶ ಯಾರನ್ನೂ ಮೆಚ್ಚಿಸುವಂತೆ ಇರಲಿಲ್ಲ. ಓದು ಬರಹ ಬಾರದವರಿಗೆ ಓದಿದವರಿಗಿಂತ ಹೆಚ್ಚು ಲಾಭ ಆಗಿತ್ತು, ಅದು ಖುಷಿಯ ವಿಷಯ. ಆದರೆ ಟಿವಿ ಬಂತು ಅಂತ ಶಾಲೆಗೆ ಬರುವ ಮಕ್ಕಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಅದನ್ನೂ ಹಾಗೇ ಬರೆದಿಟ್ಟರು.

ಸೈಟ್‌ನಲ್ಲಿ ಒಂದು ಕೊರತೆ ಇತ್ತು. ಅದು ಹುಟ್ಟಿನಿಂದಲೇ ಬಂದದ್ದು. ಹಳ್ಳಿಯವರು ಟಿವಿಯ ಮಾತು ಕೇಳಬಹುದಿತ್ತು, ಟಿವಿಗೆ ಹಳ್ಳಿಯವರ ಮಾತು ಕೇಳುತ್ತಿರಲಿಲ್ಲ. ಕಾರಣ ಸರಳ. ಎಟಿಎಸ್-6ರಲ್ಲಿ 9 ಮೀಟರ್ ಅಗಲದ ದೊಡ್ಡ ಛತ್ರಿ ಇತ್ತು. ಮೇಲಿನವನ ಗಂಟಲು ದೊಡ್ಡದಿದ್ದರೆ ಕೆಳಗಿನವನಿಗೆ ಸಣ್ಣ ಕಿವಿ ಸಾಕು. ಕೆಳಗಿನವನು ತಿರುಗಿ ಮಾತಾಡಬೇಕು ಅಂದರೆ ಮಾತ್ರ ಪ್ರತಿ ಊರಿಗೂ ಒಂದು ಟ್ರಾನ್ಸ್‌ಮಿಟರ್ ಬೇಕು, ಅದಕ್ಕೆ ಕರೆಂಟ್ ಬೇಕು, ನೋಡಿಕೊಳ್ಳಲಿಕ್ಕೆ ಜನ ಬೇಕು. ದೂರದಿಂದ ಪಾಠ ಹೇಳುವ ಎಲ್ಲ ವ್ಯವಸ್ಥೆಗಳ ಇತಿಹಾಸದಲ್ಲೂ ಈ ಒಂದು ಲೆಕ್ಕ ಬದಲಾಗಿಲ್ಲ. ಹೇಳೋದು ಅಗ್ಗ. ತಿರುಗಿ ಕೇಳೋದು ದುಬಾರಿ.

ಅದೇ ಎಪ್ಪತ್ತರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಲ್ಫಾನ್ಸ್ ಚಾಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞರು ಇನ್ನೊಂದು ಪರೀಕ್ಷೆ ಮಾಡುತ್ತಿದ್ದರು. ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸೋದು. ಒಬ್ಬರ ಹತ್ತಿರ ಬಿಡಿಭಾಗಗಳು, ಇನ್ನೊಬ್ಬರ ಹತ್ತಿರ ಜೋಡಿಸುವ ವಿವರ. ಬರೆದು ಕಳಿಸಿದರೆ ಎಷ್ಟು ಹೊತ್ತು, ಮಾತಾಡಿದರೆ ಎಷ್ಟು ಹೊತ್ತು, ಮುಖ ಕಂಡರೆ ಎಷ್ಟು ಹೊತ್ತು? ಮಾತು ಸೇರಿದ ಕೂಡಲೇ ಕೆಲಸದ ಹೊತ್ತು ತುಂಬ ಕಡಿಮೆಯಾಯ್ತು. ಮಾತಿನ ಮೇಲೆ ಚಿತ್ರವನ್ನೂ ಸೇರಿಸಿದಾಗ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ತೊಂಬತ್ತರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಎಕ್ಸೆಟರ್ ವಿಶ್ವವಿದ್ಯಾಲಯದ ಜೊತೆ ಸೇರಿ ಕಂಪ್ಯೂಟರ್ ಮೂಲಕ ಭಾಷೆ ಕಲಿಸಿ ನೋಡಿದಾಗಲೂ ಪಾಠಕ್ಕೆ ಮೊದಲು ಬೇಕಾದದ್ದು ಒಳ್ಳೆಯ ಧ್ವನಿ ಅಂತ ಗೊತ್ತಾಯ್ತು. ಚಿತ್ರ ತಡವರಿಸಿದರೆ ಜನ ಸಹಿಸಿಕೊಳ್ತಾರೆ, ಮಾತು ತುಂಡಾದರೆ ಪಾಠವೇ ತುಂಡು.

ನಮ್ಮಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಟಿವಿ ಪಾಠ ಬಂದದ್ದು 1984ರ ಆಗಸ್ಟ್ 15ರಂದು. ಯುಜಿಸಿಯ 'ಕಂಟ್ರಿವೈಡ್ ಕ್ಲಾಸ್‌ರೂಮ್' ಇನ್ಸಾಟ್-1ಬಿ ಮೂಲಕ ದೇಶಕ್ಕೆಲ್ಲ ಹರಡಿತು. ಅದೂ ಒಂದೇ ಕಡೆಯ ಮಾತು. ಅದಾಗಲೇ ಗುಲ್ಬರ್ಗಾ ವಿಶ್ವವಿದ್ಯಾಲಯ ಶುರುವಾಗಿ ನಾಲ್ಕು ವರ್ಷ ಆಗಿತ್ತು. ಅಲ್ಲಿಯ ಹುಡುಗರಿಗೆ ದೆಹಲಿಯ ಪಾಠ ಕಾಣುತ್ತಿತ್ತು, ದೆಹಲಿಗೆ ಇವರ ಸಂಶಯ ಕಾಣುತ್ತಿರಲಿಲ್ಲ.

ತಿರುಗಿ ಕೇಳುವ ದಾರಿ ಕಾಲೇಜುಗಳಿಗೆ ದೊಡ್ಡ ಪ್ರಮಾಣದಲ್ಲಿ ತೆರೆದದ್ದು 2004ರಲ್ಲಿ. ಆ ವರ್ಷದ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು, ಶಿಕ್ಷಣಕ್ಕೆ ಅಂತಲೇ ಕಟ್ಟಿದ ಉಪಗ್ರಹ. ಅದು ಹಾರುವ ಮೊದಲೇ ಇನ್ಸಾಟ್-3ಬಿ ಬಳಸಿ ಪ್ರಯೋಗ ಶುರು ಮಾಡಿದ ಮೂರು ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಟಿಯು ಕೂಡ ಒಂದು. ಸ್ಟುಡಿಯೋದಲ್ಲಿ ಒಬ್ಬ ಪ್ರೊಫೆಸರ್, ರಾಜ್ಯದ ಉದ್ದಗಲಕ್ಕೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರೊಜೆಕ್ಟರ್ ಕೋಣೆಗಳು. ಚಿತ್ರ ಒಂದು ಕಡೆಯಿಂದ ಬರುತ್ತೆ, ಪ್ರಶ್ನೆ ಈ ಕಡೆಯಿಂದ ಹೋಗುತ್ತೆ. ನಾನು ಬಿಇ ಓದಿದ ಕಾಲೇಜಿನಲ್ಲೂ ಅಂಥ ಒಂದು ಕೋಣೆ ಇತ್ತು. ನಮ್ಮ ಪಾಲಿಗೆ ಅದು ಏಸಿ ಇರುವ ಏಕೈಕ ಕ್ಲಾಸ್‌ರೂಮ್, ಹಾಗಾಗಿ ಹಾಜರಾತಿಗೆ ಕೊರತೆ ಇರಲಿಲ್ಲ.

ಆ ಪ್ರಶ್ನೆ ಹೋಗುವ ದಾರಿಯನ್ನು ಸ್ವಲ್ಪ ಲೆಕ್ಕ ಹಾಕೋಣ. ಉಪಗ್ರಹ ಇರೋದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಮೇಲೆ ಹೋಗಿ ಕೆಳಗೆ ಬರಬೇಕಾದರೆ 72,000 ಕಿಲೋಮೀಟರ್. ಬೆಳಕಿನ ವೇಗದಲ್ಲೂ ಕಾಲು ಸೆಕೆಂಡ್ ಹಿಡಿಯುತ್ತೆ. ಉತ್ತರ ತಿರುಗಿ ಬರಲಿಕ್ಕೆ ಇನ್ನೊಂದು ಕಾಲು ಸೆಕೆಂಡ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಕಾರ ಮಾತುಕತೆ ಸಹಜ ಅನ್ನಿಸಬೇಕಾದರೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ದಾಟಬಾರದು. ಇಲ್ಲಿ ಯಂತ್ರಗಳ ತಡ ಬಿಟ್ಟು ಬರೀ ದಾರಿಯದ್ದೇ 240. ಆದರೆ ನಮ್ಮ ಕೋಣೆಯಲ್ಲಿ ಪ್ರಶ್ನೆಗಳು ನಿಂತದ್ದು ಭೌತಶಾಸ್ತ್ರದಿಂದ ಅಲ್ಲ. ಮೈಕ್ ಇದ್ದದ್ದು ಒಂದೇ, ಅದು ಮುಂದಿನ ಸಾಲಿನ ಮೇಜಿನ ಮೇಲೆ. ಅರವತ್ತು ಜನರ ಮುಂದೆ ಎದ್ದು ಹೋಗಿ, ಕಾಣದ ನೂರು ಕಾಲೇಜುಗಳಿಗೆ ಕೇಳುವಂತೆ, ಇಂಗ್ಲಿಷಿನಲ್ಲಿ ಸಂಶಯ ಹೇಳಬೇಕು. ಕನ್ನಡ ಮೀಡಿಯಂನಿಂದ ಬಂದವರು ಅಷ್ಟು ಧೈರ್ಯ ಎಲ್ಲಿಂದ ತರಬೇಕು? ದಾರಿ ತೆರೆದಿತ್ತು, ನಡೆದವರು ಕಡಿಮೆ. ಎಜುಸ್ಯಾಟ್ 2010ರ ಸೆಪ್ಟೆಂಬರ್‌ನಲ್ಲಿ ಸೇವೆಯಿಂದ ನಿವೃತ್ತವಾಯ್ತು. ಇಂಥ ಯೋಜನೆಗಳ ಬಗ್ಗೆ ನಮ್ಮ ಕಣ್ಣಿಗೆ ಬೀಳುವ ಅಂಕಿಗಳು ಸಾಮಾನ್ಯವಾಗಿ ಎಷ್ಟು ಕೇಂದ್ರ, ಎಷ್ಟು ಗಂಟೆ ಪಾಠ ಅನ್ನೋವು. ಒಂದು ಗಂಟೆಗೆ ಎಷ್ಟು ಪ್ರಶ್ನೆ, ಯಾವ ಸಾಲಿನಿಂದ ಅನ್ನೋ ಅಂಕಿಯೂ ಅದರ ಪಕ್ಕದಲ್ಲಿ ಇರಬೇಕಿತ್ತು.

ಇದೆಲ್ಲ ಕೋಣೆಯಲ್ಲಿ ಕೂತು ನೋಡುವ ವ್ಯವಸ್ಥೆ. ಒಬ್ಬೊಬ್ಬರಿಗೂ ಒಂದೊಂದು ಕ್ಯಾಮೆರಾ, ಒಂದೊಂದು ಮೈಕ್ ಅನ್ನೋ ಕಲ್ಪನೆ ವಿಶ್ವವಿದ್ಯಾಲಯಗಳಲ್ಲೇ ಬೆಳೆಯಿತು. 1992ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಟಿಮ್ ಡಾರ್ಸಿ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಸಿಯು-ಸೀಮಿ ಅನ್ನೋ ತಂತ್ರಾಂಶ ಬರೆದರು. ಚಿತ್ರ ಕಪ್ಪು ಬಿಳುಪು, ಅಂಚೆಚೀಟಿಯಷ್ಟು ಅಗಲ. ಆದರೆ ಅದರಲ್ಲಿ ಇವತ್ತಿಗೂ ಉಳಿದಿರುವ ಒಂದು ಉಪಾಯ ಇತ್ತು. ಅರವತ್ತು ಜನರ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಉಳಿದ 59 ಜನಕ್ಕೆ ನೇರವಾಗಿ ಚಿತ್ರ ಕಳಿಸಬೇಕು ಅಂದರೆ ಯಾವ ಮನೆಯ ಇಂಟರ್‌ನೆಟ್ಟೂ ತಡೆಯೋದಿಲ್ಲ. ಅದಕ್ಕೆ ನಡುವೆ ಒಂದು ಸರ್ವರ್ ಇಟ್ಟು, ನೀನು ಒಂದು ಪ್ರತಿ ನನಗೆ ಕೊಡು, ಹಂಚೋದು ನನ್ನ ಕೆಲಸ ಅನ್ನೋ ಏರ್ಪಾಡು. ಜೂಮ್, ಗೂಗಲ್ ಮೀಟ್ ಕೂಡ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ನಡೀತವೆ.

ಭಾರತದಲ್ಲಿ 2009ರ ಫೆಬ್ರವರಿಯಲ್ಲಿ ಐಸಿಟಿ ಮೂಲಕ ಶಿಕ್ಷಣದ ರಾಷ್ಟ್ರೀಯ ಮಿಷನ್ ಶುರುವಾಯ್ತು. ಅದರ ಅಡಿಯಲ್ಲಿ ಅಮೃತಾ ವಿಶ್ವವಿದ್ಯಾಪೀಠದವರು ಎ-ವ್ಯೂ ಅನ್ನೋ ವಿಡಿಯೋ ಕಾನ್ಫರೆನ್ಸ್ ವ್ಯವಸ್ಥೆ ಕಟ್ಟಿದರು. ಐಐಟಿ ಬಾಂಬೆಯ ದೀಪಕ್ ಫಾಟಕ್ ಅವರ ತಂಡ ಅದನ್ನು ಬಳಸಿ ದೇಶದ ಸಾವಿರಾರು ಇಂಜಿನಿಯರಿಂಗ್ ಮೇಷ್ಟ್ರುಗಳಿಗೆ ಕಾರ್ಯಾಗಾರ ನಡೆಸಿತು. ಪಾಠ ಕೇಳುವ ಮೇಷ್ಟ್ರು ತಾನೂ ಪರದೆಯ ಮೇಲೆ ಬಂದು ಪ್ರಶ್ನೆ ಕೇಳಬಹುದಿತ್ತು. ಅದೇ ಮಿಷನ್ನಿನ ಯೋಜನೆಯಲ್ಲಿ ವಿಶ್ವವಿದ್ಯಾಲಯಕ್ಕೆ ಸೆಕೆಂಡಿಗೆ 1 ಗಿಗಾಬಿಟ್, ಕಾಲೇಜುಗಳಿಗೆ ತಲಾ 512 ಕಿಲೋಬಿಟ್‌ನ ಸಂಪರ್ಕಗಳು ಅಂತ ಇತ್ತು. ಕ್ಯಾಂಪಸ್ಸಿನ ತನಕ ದಾರಿ ಅಗಲವಾಗ್ತಾ ಬಂತು. ಕ್ಯಾಂಪಸ್ಸಿನಿಂದ ಮನೆಗೆ ಹೋದ ವಿದ್ಯಾರ್ಥಿಯ ಯೋಚನೆ ಆಗ ಯಾರಿಗೂ ಬಂದಿರಲಿಲ್ಲ, ಬರಲಿಕ್ಕೆ ಕಾರಣವೂ ಇರಲಿಲ್ಲ.

ಕಾರಣ ಬಂದದ್ದು 2020ರಲ್ಲಿ, ಅದೂ ನಮ್ಮ ಜಿಲ್ಲೆಯಿಂದಲೇ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ, ಮಾರ್ಚ್ 10ರಂದು. ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಬೀಗ. ಹಾಸ್ಟೆಲ್ ಖಾಲಿಯಾದವು, ಹುಡುಗ ಹುಡುಗಿಯರು ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಿಗೆ ಮರಳಿದರು. ಏಪ್ರಿಲ್ 16ರಂದು ಕೇಂದ್ರ ಗೃಹ ಸಚಿವಾಲಯ ಜೂಮ್ ಸುರಕ್ಷಿತ ಅಲ್ಲ ಅಂತ ಎಚ್ಚರಿಕೆ ಕೊಟ್ಟಿತು. ಅದೇ ತಿಂಗಳು ಸ್ವದೇಶಿ ವಿಡಿಯೋ ಕಾನ್ಫರೆನ್ಸ್ ಆ್ಯಪ್ ಕಟ್ಟುವ ಸ್ಪರ್ಧೆ ಘೋಷಣೆಯಾಯ್ತು. ಕೇರಳದ ಆಲಪ್ಪುಳದ ಟೆಕ್‌ಜೆನ್ಷಿಯಾ ಕಂಪನಿ ಆಗಸ್ಟ್‌ನಲ್ಲಿ 1 ಕೋಟಿ ರೂಪಾಯಿ ಬಹುಮಾನ ಗೆದ್ದಿತು. ಏಪ್ರಿಲ್ ಕೊನೆಗೆ ಬಂದ ಯುಜಿಸಿ ಮಾರ್ಗಸೂಚಿ, ವಿಶ್ವವಿದ್ಯಾಲಯಗಳು ಪಠ್ಯದ ಕಾಲು ಭಾಗವನ್ನು ಆನ್‌ಲೈನ್‌ನಲ್ಲಿ ಕಲಿಸಲು ಸಿದ್ಧವಾಗಬೇಕು ಅಂದಿತು. ಸುರಕ್ಷಿತವೇ, ಸ್ವದೇಶಿಯೇ, ಎಷ್ಟು ಜನ ಸೇರಬಹುದು ಅನ್ನೋ ಪ್ರಶ್ನೆಗಳೇ ಎಲ್ಲ ಕಡೆ ಕೇಳಿಬರುತ್ತಿದ್ದವು. ಬೇಕಾದ ಪ್ರಶ್ನೆಗಳೇ, ಇಲ್ಲ ಅನ್ನೋದಿಲ್ಲ. ಆದರೆ ಇವೆಲ್ಲ ಮೇಷ್ಟ್ರ ಕುರ್ಚಿಯಲ್ಲಿ ಕೂತು ಕೇಳಬಹುದಾದ ಪ್ರಶ್ನೆಗಳು.

ಆ ಹೊತ್ತಿಗೆ ಕೈಯಲ್ಲಿದ್ದ ಸರ್ಕಾರಿ ಅಂಕಿ ಬೇರೆ ಏನನ್ನೋ ಹೇಳುತ್ತಿತ್ತು. 2017-18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ಶೇ 42ರಷ್ಟು ಮನೆಗಳಿಗೆ ಇಂಟರ್‌ನೆಟ್ ಇತ್ತು, ಹಳ್ಳಿಗಳಲ್ಲಿ ಶೇ 14.9. ಕಂಪ್ಯೂಟರ್ ಇದ್ದ ಹಳ್ಳಿ ಮನೆಗಳು ಶೇ 4.4.

ನನ್ನ ಕಾಕಾನ ಮಗಳು ಆಗ ಡಿಗ್ರಿ ಎರಡನೇ ವರ್ಷ. ದಿನಾ ಕ್ಲಾಸಿಗೆ ಹಾಜರ್. ಚಾಟ್‌ನಲ್ಲಿ 'ಪ್ರೆಸೆಂಟ್ ಸರ್', ಕೊನೆಗೆ 'ಥ್ಯಾಂಕ್ಯೂ ಸರ್'. ಒಂದು ಸೆಮಿಸ್ಟರ್ ಪೂರ್ತಿ ಅವಳ ಧ್ವನಿ ಮೇಷ್ಟ್ರಿಗೆ ಒಂದೇ ಸಲ ಕೇಳಿಸಿತ್ತು. ಯಾಕವ್ವ ಅಂತ ಫೋನಿನಲ್ಲಿ ಕೇಳಿದೆ.

"ಮೈಕ್ ಚಾಲೂ ಮಾಡಿದ್ರ ಮನ್ಯಾಗಿನ ಗದ್ದಲ ಎಲ್ಲಾ ಹೋಗ್ತದ ಅಣ್ಣ. ಒಮ್ಮೆ ಕೇಳ್ದೆ, 'ಕೇಳಸ್ಲಕತ್ತದೇನ್ರಿ, ಸರ್?' ಅಂತ ನಾಕು ಸಲ ಒದರಿದೆ. ಸರ್ ಆಗ್ಲೇ ಮುಂದಿನ ಪಾಠಕ್ಕ ಹೋಗಿದ್ರು. ನನಗ ಅವರದು ಎಲ್ಲಾ ಕೇಳಸ್ತಿತ್ತು, ಅವರಿಗಿ ನಂದು ಇಲ್ಲ."

ಈ ಕೊನೆಯ ಮಾತಿನಲ್ಲಿ ಎಷ್ಟು ಸರಿಯಾದ ಇಂಜಿನಿಯರಿಂಗ್ ಇದೆ ನೋಡಿ. ಮೊಬೈಲ್ ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸುತ್ತೆ. ನಮ್ಮ ಕೈಯಲ್ಲಿರುವ 4ಜಿ ಫೋನ್ ಹೆಚ್ಚೆಂದರೆ 0.2 ವ್ಯಾಟ್. ಟವರ್ ಕೂಗುತ್ತೆ, ಫೋನ್ ಪಿಸುಗುಡುತ್ತೆ. ಟವರಿನಿಂದ ದೂರ ಹೋದ ಹಾಗೆ ಮೊದಲು ಸಾಯೋದು ಪಿಸುಮಾತು. ಹಾಗಾಗಿ ಊರ ಹೊರಗಿನ ಮನೆಯಲ್ಲಿ ಮೇಷ್ಟ್ರ ಮುಖ ಚೆನ್ನಾಗಿ ಕಾಣಬಹುದು, ಆ ಮನೆಯ ಮಾತು ಮಾತ್ರ ಮೇಷ್ಟ್ರನ್ನು ಮುಟ್ಟದೆ ಹೋಗಬಹುದು. 1975ರ ತಂತಿಬಲೆಯ ಛತ್ರಿಗೂ 2020ರ ಸ್ಮಾರ್ಟ್‌ಫೋನಿಗೂ ಈ ವಿಷಯದಲ್ಲಿ ಒಂದೇ ಕಾಯಿಲೆ. ಒಂದು ವ್ಯತ್ಯಾಸ ಉಂಟು. ತಿರುಗಿ ಕೇಳಲಿಕ್ಕೆ ಬರೋದಿಲ್ಲ ಅಂತ ಸೈಟ್ ಮಾಡಿದವರಿಗೆ ಗೊತ್ತಿತ್ತು, ಅದಕ್ಕೇ ಜನರನ್ನು ಹಳ್ಳಿಗೆ ಕಳಿಸಿದರು. ಮೈಕ್ ಗುಂಡಿ ಇದೆ ಅನ್ನೋ ಧೈರ್ಯದಲ್ಲಿ ನಾವು ಯಾರನ್ನೂ ಕಳಿಸಲಿಲ್ಲ.

ಡೇಟಾ ಲೆಕ್ಕವನ್ನೂ ನೋಡಿಬಿಡೋಣ. ವಿಡಿಯೋ ಕ್ಲಾಸಿಗೆ ಸೆಕೆಂಡಿಗೆ 1 ಮೆಗಾಬಿಟ್ ಅಂತ ಹಿಡಿದರೆ ಗಂಟೆಗೆ 450 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡ ಹುಡುಗಿಗೆ ನಾಲ್ಕನೇ ಗಂಟೆಯ ಕ್ಲಾಸು ಅರ್ಧಕ್ಕೇ ಖೋತಾ. ಮನೆಯಲ್ಲಿ ಫೋನ್ ಒಂದೇ ಇದ್ದು ತಮ್ಮನಿಗೂ ಕ್ಲಾಸ್ ಇದ್ದರೆ ಲೆಕ್ಕ ಇನ್ನೂ ಬೇಗ ಮುಗಿಯುತ್ತೆ. ಬರೀ ಧ್ವನಿಗೆ ಸೆಕೆಂಡಿಗೆ 32 ಕಿಲೋಬಿಟ್ ಕೊಟ್ಟರೂ ಮಾತು ಸ್ಪಷ್ಟ, ಯಾಕಂದರೆ 2012ರಲ್ಲಿ ಬಂದ ಓಪಸ್ ಅನ್ನೋ ಕೊಡೆಕ್ ಅದಕ್ಕಿಂತ ಕಡಿಮೆಯಲ್ಲೂ ಕೆಲಸ ಮಾಡುತ್ತೆ. ಗಂಟೆಗೆ ಸುಮಾರು 14 ಎಂಬಿ. ಅದೇ ಪ್ಯಾಕಿನಲ್ಲಿ ನೂರು ಗಂಟೆ ಪಾಠ. ಚಾಪಾನಿಸ್ ಐವತ್ತು ವರ್ಷದ ಹಿಂದೆ ಕಂಡದ್ದನ್ನು ನಂಬಿದ್ದರೆ ನಾವು ಧ್ವನಿಯನ್ನು ಗಟ್ಟಿ ಮಾಡಿ, ಬೋರ್ಡಿನ ಚಿತ್ರವನ್ನು ಆಗಾಗ ಕಳಿಸಿ, ಮುಖವನ್ನು ಕೊನೆಗೆ ಇಡಬಹುದಿತ್ತು. ನಾವು ಮಾಡಿದ್ದು ತಿರುಗಾ ಮುರುಗಾ.

ಕೋವಿಡ್ ಮುಗೀತಲ್ಲ, ಇನ್ಯಾಕೆ ಈ ಮಾತು ಅಂತ ನೀವು ಕೇಳಬಹುದು. ಕ್ಲಾಸ್ ಕೋಣೆಗೆ ಮರಳಿದೆ ನಿಜ. ಆದರೆ ಪಿಎಚ್‌ಡಿ ಮೌಖಿಕ ಪರೀಕ್ಷೆ, ಪ್ರಾಜೆಕ್ಟ್ ರಿವ್ಯೂ, ಅತಿಥಿ ಉಪನ್ಯಾಸ, ಕೆಲಸದ ಸಂದರ್ಶನ ಎಲ್ಲವೂ ಈಗ ಪರದೆಯ ಮೇಲೆ ನಡೀಬಹುದು. ಮಳಖೇಡದ ಹುಡುಗಿಯೊಬ್ಬಳು ನಿಮ್ಮ ಕಂಪನಿಯ ಸಂದರ್ಶನಕ್ಕೆ ಫೋನಿನಿಂದಲೇ ಬರುತ್ತಾಳೆ. ಮಾತು ಎರಡು ಸಲ ತುಂಡಾದರೆ ನಾವು ಬರೆಯೋದು 'ಕಮ್ಯುನಿಕೇಷನ್ ವೀಕ್' ಅಂತ. ನೆಟ್‌ವರ್ಕಿನ ದೋಷ ಅವಳ ಖಾತೆಗೆ ಜಮಾ.

ಹಾಗಾಗಿ ವಿಶ್ವವಿದ್ಯಾಲಯದ ಖರೀದಿ ಸಮಿತಿಯಲ್ಲಿ ಕೂರುವವರಿಗೆ, ಆ ತಂತ್ರಾಂಶ ಕಟ್ಟುವ ನಮ್ಮಂಥವರಿಗೆ ನಾಲ್ಕು ಪರೀಕ್ಷೆ ಸೂಚಿಸುತ್ತೇನೆ. ಒಂದು, ಸಮಿತಿ ಕೊಠಡಿಯ ವೈಫೈ ಬಿಟ್ಟು ಹಳ್ಳಿಯೊಂದರ ಅಗ್ಗದ ಫೋನಿನಿಂದ, ಎಲ್ಲರೂ ಮೊಬೈಲ್ ಹಿಡಿದಿರುವ ಸಂಜೆ ಎಂಟು ಗಂಟೆಗೆ ಪರೀಕ್ಷೆ ಮಾಡಿ. ಎರಡು, ವಿದ್ಯಾರ್ಥಿ ಕೈ ಎತ್ತಿದ ಕ್ಷಣದಿಂದ ಅವನ ಮಾತು ಮೇಷ್ಟ್ರಿಗೆ ಕೇಳುವ ತನಕ ಎಷ್ಟು ಸೆಕೆಂಡ್ ಅಂತ ಗಡಿಯಾರ ಹಿಡಿದು ನೋಡಿ. ಮೂರು, ಇಂಟರ್‌ನೆಟ್ ಕೈಕೊಟ್ಟಾಗ ಮಾಮೂಲಿ ಫೋನ್ ಕಾಲ್ ಮಾಡಿ ಕ್ಲಾಸಿಗೆ ಸೇರಲಿಕ್ಕೆ ಬರುತ್ತಾ ಕೇಳಿ. ಈ ಸೌಲಭ್ಯ ಹೊಸದಲ್ಲ, ಆಫೀಸ್ ಮೀಟಿಂಗುಗಳಿಗೆ ನಾವೇ ಎಷ್ಟು ಸಲ ಡಯಲ್ ಇನ್ ಆಗಿಲ್ಲ? ನಾಲ್ಕು, ಸೆಮಿಸ್ಟರ್ ಮುಗಿದ ಮೇಲೆ ಲಾಗಿನ್ ಎಣಿಸಿದ ಹಾಗೇ ಪ್ರಶ್ನೆಗಳನ್ನೂ ಎಣಿಸಿ. ಒಂದೂ ಪ್ರಶ್ನೆ ಕೇಳದವರು ಎಷ್ಟು ಜನ, ಅವರು ಎಲ್ಲಿ ಕೂತಿದ್ದರು ಅಂತ ಬರೆದಿಡಿ. ಫಲಿತಾಂಶ ಮುಜುಗರ ತಂದರೂ ಸೈಟ್‌ನವರ ಹಾಗೆ ಬರೆದಿಡಿ.

ಇನ್ನು ಡೆಮೋ ಕೊಡಲಿಕ್ಕೆ ಕಂಪನಿಯವರು ಟೈ ಕಟ್ಟಿಕೊಂಡು ಬರ್ತಾರಲ್ಲ, ಅವರಿಗೆ ಚಹಾ ಕೊಟ್ಟು ಒಂದು ಮಾತು ಹೇಳಿ. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಇಲ್ಲೇ ಇರಲಿ, ನಾವು ನೋಡಿಕೊಳ್ತೀವಿ. ನೀವು ಬಸ್ ಹತ್ತಿ ಚಿಂಚೋಳಿ ಕಡೆ ಯಾವುದಾದರೂ ಹಳ್ಳಿಗೆ ಹೋಗಿ ಇಳೀರಿ. ಅಲ್ಲಿಂದ ಒಂದು ಪ್ರಶ್ನೆ ಕೇಳ್ರಿ. ನಮಗೆ ಇಲ್ಲಿ ಕೇಳಿಸಿದರೆ ಆರ್ಡರ್ ನಿಮ್ಮದೇ.